ಶಿವರಾತ್ರಿಯ ಉರಿ, ಅತ್ತೆಯ ಹಪ್ಪಳ

ಪ್ರಶ್ನೆ: ನಮಸ್ಕಾರ ಸರ್. ನಾವು ಮೂವತ್ತು ವರ್ಷದಿಂದ ಡೊಂಬಿವಲಿಯಲ್ಲಿದ್ದೇವೆ, ಊರು ಕುಂದಾಪುರದ ಕಡೆ. ಯಜಮಾನರದು ಥಾಣೆಯಲ್ಲಿ ಸಣ್ಣ ಹೋಟೆಲು. ‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗ್ತದೆ’ ಎಂದು ನಮ್ಮ ಅತ್ತೆ ಪ್ರತಿವರ್ಷ ಹೇಳುತ್ತಾರೆ. 2025ರ ಶಿವರಾತ್ರಿಗೆ ಮಾತ್ರ ಚಳಿ ಹೋದದ್ದಷ್ಟೇ ಅಲ್ಲ, ಬೆಂಕಿಯೇ ಬಂತು. ಉಪವಾಸವಿದ್ದ ಅತ್ತೆ ಟೆರೇಸಿಗೆ ಹಪ್ಪಳ ತೆಗೆಯಲು ಹೋದವರು ತಲೆ ತಿರುಗಿ ಅಲ್ಲೇ ಕೂತುಬಿಟ್ಟರು. ಬೆಳಿಗ್ಗೆ ಹಾಕಿದ ಹಪ್ಪಳ ಮಧ್ಯಾಹ್ನಕ್ಕೇ ಗರಿಗರಿಯಾಗಿ ಅಂಚು ಸೀಳಿತ್ತು. ಮೇ ತಿಂಗಳಲ್ಲಿ ಅದೇ ಹಪ್ಪಳಕ್ಕೆ ಎರಡು ದಿನ ಬೇಕು. ಸಮುದ್ರ ಪಕ್ಕದಲ್ಲೇ ಇದ್ದೂ ಫೆಬ್ರವರಿಯಲ್ಲಿ 38 ಡಿಗ್ರಿ ಹೇಗಾಗುತ್ತದೆ? ಮಗ ಎಲ್ ನಿನೋ ಅನ್ನುತ್ತಾನೆ. ಯಜಮಾನರು ಮರ ಕಡಿದದ್ದರ ಫಲ ಅನ್ನುತ್ತಾರೆ. ಫೆಬ್ರವರಿಯೇ ಹೀಗಾದರೆ ಮೇ ತಿಂಗಳ ಗತಿಯೇನು?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಪ್ಪಳದ ಸಂಗತಿ. ಹವಾಮಾನದ ಕೆಲಸದಲ್ಲಿ ಮೂರು ದಶಕ ಕಳೆದವನಾಗಿ ಹೇಳುತ್ತೇನೆ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ಸೀಳಿದ ಅಂಚಿನಲ್ಲೇ ಇದೆ.

ಮೇ ತಿಂಗಳ ಮುಂಬಯಿಯನ್ನು ನೆನಪಿಸಿಕೊಳ್ಳಿ. ಮಧ್ಯಾಹ್ನದ ಉಷ್ಣಾಂಶ 33-34ರ ಆಸುಪಾಸು. ಕೂತಲ್ಲೇ ಬೆವರು, ಡಬ್ಬಿಯ ಉಪ್ಪು ನೀರು ಬಿಟ್ಟುಕೊಳ್ಳುತ್ತದೆ, ಹಪ್ಪಳ ಎರಡನೇ ದಿನವೂ ಬಗ್ಗಿಸಿದರೆ ಬಗ್ಗುತ್ತದೆ. ಆಗ ನಮ್ಮ ಮೇಲೆ ಬೀಸುವುದು ಅರಬ್ಬಿ ಸಮುದ್ರದ ಮೇಲಿಂದ ಬಂದ ಗಾಳಿ. ಅದರ ತುಂಬ ನೀರಿನ ಪಸೆ. ಆ ಶಿವರಾತ್ರಿಯ ಹೊತ್ತಿನ ಗಾಳಿಯಲ್ಲಿ ಪಸೆಯೇ ಇರಲಿಲ್ಲ. ಅದು ನಿಮ್ಮ ಟೆರೇಸಿಗೆ ಬಂದದ್ದು ಪಡುವಣದಿಂದಲ್ಲ. ನಾಶಿಕ, ಪುಣೆ, ಸೋಲಾಪುರದ ಕಡೆಯ ಒಣ ಬಯಲಿನ ಮೇಲೆ ಕಾದು, ಘಟ್ಟ ಇಳಿದು ಮೂಡಣದಿಂದ ಬಂದ ಗಾಳಿ ಅದು. ಅಂದಿನ ಮಟ್ಟಿಗೆ ಸಮುದ್ರ ಪಕ್ಕದಲ್ಲಿದ್ದರೂ ಬಾಗಿಲು ಹಾಕಿಕೊಂಡಿದ್ದ ನೆರೆಮನೆಯಂತೆ.

ಮುಂಬಯಿಯ ಹಗಲು ತಂಪಾಗಿ ಉಳಿಯುವುದು ಒಂದೇ ಒಂದು ಗಾಡಿಯ ಮೇಲೆ, ಆ ಗಾಡಿ ಕಡಲಗಾಳಿ. ರಾತ್ರಿಯೆಲ್ಲ ನೆಲದ ಕಡೆಯಿಂದ ಮೆಲ್ಲಗೆ ಗಾಳಿ ಬೀಸುತ್ತಿರುತ್ತದೆ. ಬೆಳಿಗ್ಗೆ ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ಕಡಲು ಅಷ್ಟು ಸುಲಭಕ್ಕೆ ಕಾಯುವುದಿಲ್ಲ. ಫೆಬ್ರವರಿಯಲ್ಲಿ ನಮ್ಮ ಕಡಲ ನೀರು 25-26 ಡಿಗ್ರಿಯಷ್ಟೇ ಇರುತ್ತದೆ. ಕಾದ ನೆಲದ ಮೇಲಿನ ಗಾಳಿ ಮೇಲೇರಿದಾಗ ಆ ಜಾಗ ತುಂಬಲು ಕಡಲ ಮೇಲಿನ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಇದು ಸಾಮಾನ್ಯವಾಗಿ ಬೆಳಿಗ್ಗೆ ಹತ್ತೂವರೆ, ಹನ್ನೊಂದರ ಹೊತ್ತಿಗೆ ಆಗುತ್ತದೆ. ಅಷ್ಟರಲ್ಲಿ ಉಷ್ಣಾಂಶ 31-32ಕ್ಕೆ ಬಂದಿರುತ್ತದೆ, ಕಡಲಗಾಳಿ ಬಂದು ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಮುಂಬಯಿಯ ಉಷ್ಣಾಂಶ ಅಳೆಯುವ ಸಾಂತಾಕ್ರೂಜ್ ಕೇಂದ್ರದಲ್ಲಿ ಫೆಬ್ರವರಿಯ ಸರಾಸರಿ ಗರಿಷ್ಠ ಉಷ್ಣಾಂಶ 32ರ ಸುತ್ತಮುತ್ತ ನಿಂತಿರುವುದಕ್ಕೆ ಇದೇ ಕಾರಣ.

ಈಗ ಈ ಗಾಡಿ ತಡವಾಯಿತು ಅಂದುಕೊಳ್ಳಿ. ಡೊಂಬಿವಲಿಯವರಿಗೆ ಗಾಡಿ ತಡವಾಗುವುದೇನೆಂದು ನಾನು ವಿವರಿಸಬೇಕಿಲ್ಲ. ಪ್ಲಾಟ್‌ಫಾರಂ ತುಂಬುತ್ತಾ ಹೋಗುತ್ತದಲ್ಲ, ಹಾಗೆ ನೆಲದ ಮೇಲೆ ಶಾಖ ತುಂಬುತ್ತಾ ಹೋಗುತ್ತದೆ. ಹನ್ನೊಂದಕ್ಕೆ 33, ಹನ್ನೆರಡಕ್ಕೆ 35, ಒಂದಕ್ಕೆ 37. ಎರಡು ಗಂಟೆಯ ಮೇಲೆ ಕಡಲಗಾಳಿ ಬಂದರೂ ಆಗಬೇಕಾದದ್ದು ಆಗಿಹೋಗಿರುತ್ತದೆ. ಮೂಡಣ ಗಾಳಿ ಜೋರಾಗಿದ್ದರೆ ಕಡಲಗಾಳಿ ದಡದಲ್ಲೇ ತಡೆದು ನಿಲ್ಲುತ್ತದೆ. ಕೊಲಾಬಾದವರಿಗೆ ಒಂದಿಷ್ಟು ದಕ್ಕೀತು, ಸಾಂತಾಕ್ರೂಜ್‌ಗೆ ಕಡಿಮೆ, ಕಲ್ಯಾಣ ಡೊಂಬಿವಲಿಗೆ ಸಂಜೆಯವರೆಗೂ ಇಲ್ಲ. ಕರ್ಜತ್, ಬದ್ಲಾಪುರದವರ ಪಾಡು ಇನ್ನೂ ಕಷ್ಟ. ಒಂದೇ ದಿನ ದಕ್ಷಿಣ ಮುಂಬಯಿಗೂ ನಿಮಗೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಬರುವುದು ಹೀಗೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದೊಂದು ನೆನಪಾಗುತ್ತದೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಹನ್ನೆರಡೂವರೆ ಇರಬೇಕು. ಕಂಬದ ತುದಿಯ ಗಾಳಿಸೂಚಿ ಇನ್ನೂ ಮೂಡಣಕ್ಕೇ ಮುಖ ಮಾಡಿ ನಿಂತಿತ್ತು. ನಮ್ಮ ಹಿರಿಯ ವೀಕ್ಷಕರು ಮರಾಠಿಯವರು, ಸೈನ್ಯದ ಶಿಸ್ತಿನ ಮನುಷ್ಯ. ಕೈಯಲ್ಲಿದ್ದ ಚಹಾ ಕುಡಿಯದೇ ಹದಿನೈದು ನಿಮಿಷಕ್ಕೊಮ್ಮೆ ಹೊರಗೆ ಬಂದು ತಲೆಯೆತ್ತಿ ನೋಡುತ್ತಿದ್ದರು. ‘ವಾರಾ ಅಜೂನ್ ವಳಲಾ ನಾಹೀ’ ಅನ್ನುವುದು, ಒಳಗೆ ಹೋಗುವುದು. ಗಾಳಿ ಇನ್ನೂ ತಿರುಗಿಲ್ಲ ಎಂಬ ಆ ಒಂದು ಮಾತಿನಲ್ಲಿ ಅಂದಿನ ಇಡೀ ಮುನ್ಸೂಚನೆ ಇತ್ತು. ಎಷ್ಟೋ ಉಪಗ್ರಹ, ಎಷ್ಟೋ ಕಂಪ್ಯೂಟರ್ ಬಂದ ಮೇಲೂ ಫೆಬ್ರವರಿ ಮಾರ್ಚ್‌ನಲ್ಲಿ ಮುಂಬಯಿಯ ಉಷ್ಣಾಂಶ ಹೇಳಬೇಕಾದವನು ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಗಾಳಿ ಎಷ್ಟು ಗಂಟೆಗೆ ತಿರುಗುತ್ತದೆ?

ಘಟ್ಟದಿಂದ ಇಳಿದ ಗಾಳಿ ತಣ್ಣಗಿರಬೇಕಲ್ಲವೇ, ಲೋಣಾವಳ ಖಂಡಾಲಾ ನಮಗಿಂತ ತಂಪಲ್ಲವೇ ಎಂದು ನೀವು ಕೇಳಬಹುದು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿದ್ದರೆ ಉತ್ತರ ನಿಮಗೆ ಗೊತ್ತು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಎತ್ತರದಿಂದ ಕೆಳಗಿಳಿಯುವ ಒಣಗಾಳಿಯ ಮೇಲೆ ವಾತಾವರಣದ ಒತ್ತಡ ಹೆಚ್ಚುತ್ತಾ ಹೋಗುತ್ತದೆ, ಪ್ರತಿ 100 ಮೀಟರ್ ಇಳಿತಕ್ಕೆ ಸುಮಾರು 1 ಡಿಗ್ರಿಯಂತೆ ಅದು ಕಾಯುತ್ತದೆ. ಪುಣೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲೆ. ಅಲ್ಲಿ 34 ಡಿಗ್ರಿಯಿದ್ದ ಗಾಳಿ ಬೋರ್‌ಘಾಟ್ ಇಳಿದು ಹಾಗೇ ಕೆಳಗೆ ಬಂದರೆ 39 ದಾಟುತ್ತದೆ. ಲೆಕ್ಕ ಸರಳ ಮಾಡಿ ಹೇಳಿದ್ದೇನೆ, ದಾರಿಯಲ್ಲಿ ಬೇರೆ ಗಾಳಿಯೂ ಬೆರೆಯುತ್ತದೆ. ಆದರೂ ಪುಣೆಯವರು ಪರವಾಗಿಲ್ಲ ಅನ್ನುತ್ತಿರುವಾಗ ನಾವು ಬೇಯುವುದರ ಮರ್ಮ ಇದು. ಇಳಿಯುತ್ತಾ ಕಾದಂತೆ ಆ ಗಾಳಿ ಇನ್ನೂ ಒಣಗುತ್ತದೆ. ಅಂಥ ಮಧ್ಯಾಹ್ನ ತುಟಿ ಬಿರಿಯುತ್ತದೆ, ಹಪ್ಪಳ ಸೀಳುತ್ತದೆ.

ಕರಾವಳಿಯ ಉದ್ದಕ್ಕೂ ಇದೇ ಕಥೆ. ಗೋವಾದಲ್ಲಿ 2023ರ ಮಾರ್ಚ್‌ನಲ್ಲಿ ಮಧ್ಯಾಹ್ನಕ್ಕೆ ಮೊದಲೇ ಶಾಲೆ ಬಿಡಬೇಕೆಂದು ಸರ್ಕಾರ ಆದೇಶ ಹೊರಡಿಸಿತ್ತು. ರತ್ನಾಗಿರಿಯ ಹಾಪೂಸ್ ಮಾವಿನ ಬೆಳೆಗಾರರನ್ನು ಕೇಳಿ ನೋಡಿ, ಈ ಮೂಡಣ ಗಾಳಿಗೆ ಅವರು ನಮಗಿಂತ ಹೆಚ್ಚು ಹೆದರುತ್ತಾರೆ. ಗೋಲಿ ಗಾತ್ರದ ಮಿಡಿಗಳು ತೊಟ್ಟು ಬಿಡಿಸಿಕೊಂಡು ಉದುರುವುದು ಈ ದಿನಗಳಲ್ಲೇ.

ಹಾಗಾದರೆ ಮೂಡಣ ಗಾಳಿ ಒಮ್ಮೊಮ್ಮೆ ಯಾಕಿಷ್ಟು ಜೋರು? ಇದಕ್ಕೆ ಆಕಾಶದಲ್ಲಿ ಸ್ವಲ್ಪ ಮೇಲೇರಬೇಕು. ಚಳಿಗಾಲ ಕಳೆಯುವ ಹೊತ್ತಿಗೆ ನಮ್ಮ ದೇಶದ ಮೇಲೆ, ಎರಡು ಮೂರು ಕಿಲೋಮೀಟರ್ ಎತ್ತರದಲ್ಲಿ, ಅಧಿಕ ಒತ್ತಡದ ದೊಡ್ಡ ಸುಳಿಯೊಂದು ಕೂರುತ್ತದೆ. ಉತ್ತರ ಗೋಲಾರ್ಧದಲ್ಲಿ ಇಂಥ ಸುಳಿಯ ಸುತ್ತ ಗಾಳಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಸುಳಿಯ ನಡು ಮಧ್ಯ ಭಾರತದಲ್ಲೋ ಒಡಿಶಾದ ಕಡೆಯೋ ಇದ್ದರೆ, ಅದರ ದಕ್ಷಿಣದ ಅಂಚಿನಲ್ಲಿ, ಅಂದರೆ ಮಹಾರಾಷ್ಟ್ರದ ಮೇಲೆ, ಗಾಳಿ ಮೂಡಣದಿಂದ ಪಡುವಣಕ್ಕೆ ಹರಿಯುತ್ತದೆ. ಸುಳಿ ಸರಿದು ಅರಬ್ಬಿ ಸಮುದ್ರದ ಮೇಲೆ ಕೂತರೆ ಗುಜರಾತ್, ರಾಜಸ್ಥಾನದ ಬಿಸಿ ನಮ್ಮತ್ತ ಇಳಿಯುತ್ತದೆ. ಜೊತೆಗೆ ಈ ಸುಳಿಯೊಳಗೆ ಗಾಳಿ ಮೇಲಿಂದ ಕೆಳಕ್ಕೆ ಕುಸಿಯುತ್ತಿರುತ್ತದೆ. ಕುಸಿದ ಗಾಳಿ ಮತ್ತೆ ಅದೇ ಪಂಪಿನ ಲೆಕ್ಕದಂತೆ ಕಾಯುತ್ತದೆ, ಮೋಡ ಕಟ್ಟಲು ಬಿಡುವುದಿಲ್ಲ, ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ ಕೆಳಗಿನ ಶಾಖವನ್ನು ಕೆಳಗೇ ಇರಿಸುತ್ತದೆ.

ಸುಳಿ ಪ್ರತಿವರ್ಷ ಇರುತ್ತದೆ. ಅದು ಕೂತಲ್ಲೇ ಎಷ್ಟು ದಿನ ಕೂರುತ್ತದೆ ಎಂಬುದರಲ್ಲಿ ವರ್ಷದಿಂದ ವರ್ಷಕ್ಕೆ ಫರಕು. ಮೆಡಿಟರೇನಿಯನ್ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಚಳಿಗಾಲದ ಮಳೆಯ ವ್ಯವಸ್ಥೆಗಳಿವೆಯಲ್ಲ, ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಟಿವಿಯವರು ದಿನಾ ಹೇಳುತ್ತಾರೆ, ಅವು ಬಲವಾಗಿದ್ದರೆ ಉತ್ತರದಲ್ಲಿ ಮಳೆ, ಹಿಮ, ಮೋಡ. ಅವುಗಳ ಬೆನ್ನಿಗೆ ಬರುವ ಚಳಿಗಾಳಿ ಈ ಸುಳಿಯನ್ನು ಆಗಾಗ ಕದಲಿಸುತ್ತದೆ. ಅವು ದುರ್ಬಲವಾದಾಗ ಅಥವಾ ತೀರ ಉತ್ತರಕ್ಕೆ ಸರಿದು ಹಿಮಾಲಯದ ತುದಿಗಷ್ಟೇ ಸವರಿ ಹೋದಾಗ ಸುಳಿಯನ್ನು ಕೇಳುವವರಿಲ್ಲ. ಇನ್ನು ದಖ್ಖನಿನ ನೆಲಕ್ಕೆ ಮಳೆ ಬಿದ್ದು ಅಷ್ಟೊತ್ತಿಗೆ ನಾಲ್ಕು ತಿಂಗಳಾಗಿರುತ್ತದೆ. ಎರೆಮಣ್ಣು ಬಿರುಕು ಬಿಟ್ಟಿರುತ್ತದೆ. ಹಸಿ ನೆಲವಾದರೆ ಬಿಸಿಲಿನ ಒಂದು ಪಾಲು ನೀರು ಆವಿಯಾಗಿಸುವುದಕ್ಕೆ ಖರ್ಚಾಗುತ್ತದೆ. ಒಣ ನೆಲದಲ್ಲಿ ಎಲ್ಲವೂ ಗಾಳಿ ಕಾಯಿಸುವುದಕ್ಕೇ.

ಇಷ್ಟು ಹೇಳಿದ ಮೇಲೆ ಒಂದು ಅನುಮಾನ ಬರಬೇಕು. ಇದೆಲ್ಲ ಘಟ್ಟ, ಕಡಲು, ಸುಳಿಯ ಆಟವಾದರೆ ಹಿಂದೆಯೂ ಆಗಿರಬೇಕಲ್ಲ? ಆಗಿದೆ. ಸಾಂತಾಕ್ರೂಜ್‌ನ ಫೆಬ್ರವರಿ ದಾಖಲೆ 39.6 ಡಿಗ್ರಿ, ಅದು 1966ರ ಫೆಬ್ರವರಿ 25ರದು. ಮಾರ್ಚ್‌ನ ದಾಖಲೆ 41.7, ಅದು 1956ರ ಮಾರ್ಚ್ 28ರದು. ಇಲ್ಲಿಯ ಸಾರ್ವಕಾಲಿಕ ದಾಖಲೆ 42.2 ಬಂದದ್ದು 1952ರ ಏಪ್ರಿಲ್ 14ರಂದು. ದಾಖಲೆಗಳೆಲ್ಲ ಮೇ ತಿಂಗಳಿಗಲ್ಲ, ಗಾಳಿ ಇನ್ನೂ ನಿರ್ಧಾರ ಮಾಡದ ಈ ಸಂಧಿಕಾಲಕ್ಕೇ ಬಂದಿರುವುದನ್ನು ಗಮನಿಸಿ. ಇತ್ತೀಚೆಗೂ 2018ರ ಮಾರ್ಚ್ 25ಕ್ಕೆ 41, 2021ರ ಮಾರ್ಚ್ 27ಕ್ಕೆ 40.9. ನಿಮ್ಮ ಶಿವರಾತ್ರಿಯ ಹೊತ್ತಿನ 38 ಚಿಲ್ಲರೆ ಈ ಸಾಲಿನಲ್ಲಿ ಮೇಲಿನದೇನಲ್ಲ.

ಅರವತ್ತರ ದಶಕದಲ್ಲೂ ಇತ್ತು, ಹಾಗಾಗಿ ಹವಾಮಾನ ಬದಲಾವಣೆ ಎಂಬುದೆಲ್ಲ ಬರೀ ಗಲಾಟೆ ಎಂದು ಇದನ್ನು ಓದಿ ಕೆಲವರು ಕುಣಿದಾಡುತ್ತಾರೆ. ನನಗೆ ಅಂಥವರ ಮೇಲೆ ಸಹನೆ ಕಡಿಮೆ. ಗಾಳಿ ಯಾವ ದಿನ ತಿರುಗುವುದಿಲ್ಲ ಎಂಬುದು ಆ ದಿನದ ಹಣೆಬರಹ. ಆದರೆ ಮೂಡಣದಿಂದ ಬರುವ ಗಾಳಿ ಹೊರಡುವಾಗಲೇ ಎಷ್ಟು ಬಿಸಿಯಿತ್ತು ಎಂಬುದು ನಾವು ಬರೆದುಕೊಂಡದ್ದು. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಇಷ್ಟೇನಾ ಅನ್ನಿಸಬಹುದು. ಹಿಟ್ಟು ರುಬ್ಬುವ ಕಲ್ಲಿನ ಕೆಳಗೆ ಒಂದು ಇಟ್ಟಿಗೆ ಇಟ್ಟರೆ ಕಲ್ಲು ದೊಡ್ಡದಾಗುವುದಿಲ್ಲ, ಆದರೆ ಅದರ ಮೇಲಿಟ್ಟದ್ದೆಲ್ಲ ಇಟ್ಟಿಗೆಯಷ್ಟು ಮೇಲೆ ಬರುತ್ತದೆ. ಹಾಗೆ ಸರಾಸರಿ ಸ್ವಲ್ಪ ಏರಿದರೂ, ಮೊದಲು ಗೆರೆ ಮುಟ್ಟದ ದಿನಗಳೂ ಗೆರೆ ದಾಟಿ, ಅತಿ ಬಿಸಿಯ ದಿನಗಳ ಎಣಿಕೆ ಬಹಳ ಏರುತ್ತದೆ. 2022ರ ಮಾರ್ಚ್ ದೇಶದಲ್ಲಿ 1901ರಿಂದೀಚೆಗೆ ಅತಿ ಬಿಸಿಯ ಮಾರ್ಚ್. ಹಾಲುದುಂಬುವ ಹೊತ್ತಿನ ಗೋಧಿ ಆ ಬಿಸಿಗೆ ಜೊಳ್ಳಾಗಿ, ಮೇ 13ರಂದು ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. 2023ರ ಫೆಬ್ರವರಿ ಹಗಲಿನ ಉಷ್ಣಾಂಶದಲ್ಲಿ ದಾಖಲೆ ಮಾಡಿತು. 2025ರ ಫೆಬ್ರವರಿ ಸರಾಸರಿಯಲ್ಲಿ ಅದನ್ನೂ ಮೀರಿಸಿತು, ದೇಶದ ಸರಾಸರಿ ವಾಡಿಕೆಗಿಂತ 1.34 ಡಿಗ್ರಿ ಹೆಚ್ಚು. ನಾಲ್ಕು ವರ್ಷದೊಳಗೆ ಮೂರು ದಾಖಲೆ ಬರೀ ಗಾಳಿಯ ಚೇಷ್ಟೆಯಿಂದ ಬರುವುದಿಲ್ಲ. 2022ರ ಮಾರ್ಚ್-ಏಪ್ರಿಲ್‌ನ ಆ ಬಿಸಿ ಸಂಭವಿಸುವ ಸಾಧ್ಯತೆ, ಮನುಷ್ಯರು ಭೂಮಿಯನ್ನು ಕಾಯಿಸಿದ್ದರಿಂದಾಗಿ ಸುಮಾರು 30 ಪಟ್ಟು ಹೆಚ್ಚಿದೆ ಎಂದು ಅಂತರರಾಷ್ಟ್ರೀಯ ತಂಡವೊಂದು ಲೆಕ್ಕ ಹಾಕಿತ್ತು.

ನಿಮ್ಮ ಮಗನ ಎಲ್ ನಿನೋ ವಿಚಾರ. ಬುದ್ಧಿವಂತ ಹುಡುಗ, ಆದರೆ ಈ ಸಲ ಕಳ್ಳನನ್ನು ಬಿಟ್ಟು ಬೇರೆಯವನನ್ನು ಹಿಡಿದಿದ್ದಾನೆ. ಪೆಸಿಫಿಕ್ ಸಾಗರ ಕಾಯುವುದು ಎಲ್ ನಿನೋ, ತಣ್ಣಗಾಗುವುದು ಲಾ ನಿನಾ. 2022ರ ಮಾರ್ಚ್‌ನಲ್ಲಿ ಇದ್ದದ್ದು ಲಾ ನಿನಾ. 2023ರ ಫೆಬ್ರವರಿಯಲ್ಲಿ ಅದೇ ಲಾ ನಿನಾದ ಬಾಲ. 2025ರ ಫೆಬ್ರವರಿಯಲ್ಲಿ ಮತ್ತೆ ದುರ್ಬಲ ಲಾ ನಿನಾ. ನಾನು ಮೇಲೆ ಎಣಿಸಿದ ಮೂರೂ ದಾಖಲೆಗಳು ತಣ್ಣನೆಯ ಪೆಸಿಫಿಕ್‌ನ ಕಾಲದವು! ಎಲ್ ನಿನೋ ನಮ್ಮ ಮಳೆಗಾಲವನ್ನು ಕೆಡಿಸಬಲ್ಲದು, ಆ ಹೆದರಿಕೆ ನ್ಯಾಯವಾದದ್ದೇ. ಆದರೆ ಫೆಬ್ರವರಿಯ ಬಿಸಿಗೆಲ್ಲ ಅದರ ಹೆಸರು ಹೇಳುವುದು ಪೇಪರಿನವರ ಅಭ್ಯಾಸ.

ಯಜಮಾನರ ಮರದ ಮಾತು ಅರ್ಧ ಸರಿ. ಮರ ಕಡಿದರೆ ಆ ಬೀದಿ ಕಾಯುತ್ತದೆ, ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಕಕ್ಕುತ್ತದೆ, ಎಲ್ಲರ ಏಸಿ ತನ್ನ ಮನೆಯ ಬಿಸಿಯನ್ನು ಪಕ್ಕದವರ ಕಿಟಕಿಗೆ ಊದುತ್ತದೆ. ಹೀಗಾಗಿ ನಗರದ ಏಟು ಹೆಚ್ಚಾಗಿ ಬೀಳುವುದು ರಾತ್ರಿಯ ಉಷ್ಣಾಂಶದ ಮೇಲೆ. ತಗಡಿನ ಪತ್ರಾ ಹೊದೆಸಿದ ಚಾಳಿನ ಮೇಲಿನ ಕೋಣೆಯಲ್ಲಿ ಮಲಗಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಒಂದು ಮಧ್ಯಾಹ್ನ ಥಟ್ಟನೆ ಆರು ಡಿಗ್ರಿ ಏರಿ, ಮೂರು ದಿನಕ್ಕೆ ಇಳಿದುಹೋದರೆ ಆ ಆರು ಡಿಗ್ರಿ ಮರದ್ದಲ್ಲ. ಕಡಿದ ಮರ ಮೂರು ದಿನಕ್ಕೆ ಮತ್ತೆ ಬೆಳೆದು ನಿಲ್ಲುವುದಿಲ್ಲವಲ್ಲ.

ಹವಾಮಾನ ಇಲಾಖೆ ಯಾವಾಗ ಬಿಸಿಗಾಳಿ ಎಂದು ಘೋಷಿಸುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಇದರಲ್ಲಿ ತುಂಬ ಜನ ಎಡವುತ್ತಾರೆ. ಬಯಲು ಸೀಮೆಯಲ್ಲಿ ಉಷ್ಣಾಂಶ 40 ಮುಟ್ಟಬೇಕು, ಕರಾವಳಿಯಲ್ಲಿ 37 ಸಾಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 6.4ನ್ನೂ ಮೀರಿದರೆ ಅದು ತೀವ್ರ ಬಿಸಿಗಾಳಿ. ಒಂದು ವಿಭಾಗದ ಎರಡು ಕೇಂದ್ರಗಳಲ್ಲಾದರೂ, ಎರಡು ದಿನವಾದರೂ ಹೀಗಿರಬೇಕು. ಅದಕ್ಕೇ ನಾಗಪುರದಲ್ಲಿ ಯಾರೂ ಲೆಕ್ಕಕ್ಕಿಡದ 37 ಮುಂಬಯಿಯಲ್ಲಿ ಎಚ್ಚರಿಕೆಯ ಗಂಟೆ. ಇನ್ನು ಈ ಅಂಕಿಗಳು ಬಿಸಿಲಿನವಲ್ಲ, ನೆರಳಿನವು. ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ ಪಟ್ಟಿಪಟ್ಟಿ ಗೋಡೆಯ ಮರದ ಪೆಟ್ಟಿಗೆಯೊಳಗೆ, ಗಾಳಿಯಾಡುವಂತೆ ಇಟ್ಟ ಥರ್ಮಾಮೀಟರು ತೋರಿಸುವ ಅಂಕಿ ಅದು. ಪೆಟ್ಟಿಗೆಯ ಬಾಗಿಲು ಉತ್ತರಕ್ಕೆ, ತೆರೆದಾಗಲೂ ಬಿಸಿಲು ಒಳಗೆ ಬೀಳಬಾರದೆಂದು. ನನ್ನ ಅಳಿಯ ಪಾರ್ಕಿಂಗ್‌ನಿಂದ ಕಾರು ತೆಗೆದು ‘ಮಾವ, 44!’ ಎಂದು ಫೋಟೋ ಕಳಿಸುತ್ತಾನೆ. ಅದು ಕಾರಿನ ಉಷ್ಣಾಂಶ, ಊರಿನದಲ್ಲ. ಆದರೆ ಟೆರೇಸಿನ ಸಿಮೆಂಟಿನ ಮೇಲೆ ಬಿಸಿಲಲ್ಲಿ ಬಗ್ಗಿದ್ದ ನಿಮ್ಮ ಅತ್ತೆಯವರ ಮೈಗೆ ತಗುಲಿದ್ದು ಪೆಟ್ಟಿಗೆಯೊಳಗಿನ 38ಕ್ಕಿಂತ ಬಹಳ ಹೆಚ್ಚು, ಅದನ್ನೂ ಮರೆಯಬಾರದು.

ಮೇ ತಿಂಗಳ ಗತಿ? ಫೆಬ್ರವರಿಯ ಬಿಸಿ ಮೇ ತಿಂಗಳಿಗೆ ಮುಂಗಡ ಕೊಟ್ಟು ಹೋಗುವುದಿಲ್ಲ. ಮೇ ಹೊತ್ತಿಗೆ ಪಡುವಣ ಗಾಳಿ ದಿನವಿಡೀ ನೆಲೆ ನಿಂತಿರುತ್ತದೆ, ಮುಂಬಯಿಯ ಮಟ್ಟಿಗೆ ಆಗ ಯಜಮಾನಿಕೆ ಕಡಲಿನದು. ಆ 2025ರಲ್ಲೇ ಏನಾಯಿತು ನೋಡಿ. ಅಂಥ ಫೆಬ್ರವರಿಯ ಮೇಲೆ ಮೇ ತಿಂಗಳಲ್ಲಿ ಮಳೆಯೋ ಮಳೆ, ಮೇ 26ಕ್ಕೇ ಮುಂಗಾರು ಮುಂಬಯಿಗೆ ಬಂತು. ವಾಡಿಕೆ ಜೂನ್ 11. ಕುತೂಹಲಕ್ಕೆ ಹೇಳುತ್ತೇನೆ, ಮಾರ್ಚ್ ದಾಖಲೆ ಮಾಡಿದ 1956ರಲ್ಲೂ ಮುಂಗಾರು ಮೇ 29ಕ್ಕೇ ಬಂದಿತ್ತು. ಹಾಗೆಂದು ಬಿಸಿಲು ಹೆಚ್ಚಾದರೆ ಮಳೆ ಬೇಗ ಎಂದು ಬರೆದಿಟ್ಟುಕೊಳ್ಳಬೇಡಿ. 2018ರ ಮಾರ್ಚ್‌ನಲ್ಲಿ 41 ಮುಟ್ಟಿದರೂ ಮುಂಗಾರು ಬಂದದ್ದು ಹೆಚ್ಚೂಕಮ್ಮಿ ಮಾಮೂಲಿ ದಿನಕ್ಕೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಎರಡು ಸಲ ಸರಿಹೋಯಿತು, ಅಷ್ಟೆ. ಮೇ ತಿಂಗಳಲ್ಲಿ ನನಗೆ ಹೆದರಿಕೆ ಇರುವುದು ಬೇರೆ ಕಡೆ. ಅರಬ್ಬಿ ಸಮುದ್ರವೂ ಸೇರಿ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ನಡುವೆ ಸುಮಾರು 1 ಡಿಗ್ರಿ ಕಾದಿದೆ. ಕಾದ ಕಡಲಿನ ಗಾಳಿ ಹೆಚ್ಚು ಪಸೆ ಹೊತ್ತು ತರುತ್ತದೆ. ಆಗ ಥರ್ಮಾಮೀಟರು 34 ತೋರಿಸಿದರೂ ಬೆವರು ಆರದೆ ಮೈ ಬೇಯುತ್ತದೆ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನ ಮೈದಾನದಲ್ಲಿ ಸಮಾರಂಭಕ್ಕೆಂದು ಗಂಟೆಗಟ್ಟಲೆ ಬಿಸಿಲಲ್ಲಿ ಕೂತವರ ಪೈಕಿ 14 ಮಂದಿ ತೀರಿಕೊಂಡ ದಿನ ಉಷ್ಣಾಂಶ ಏನೂ ದಾಖಲೆ ಮುರಿದಿರಲಿಲ್ಲ.

ಇನ್ನು ಅತ್ತೆಯವರ ತಲೆತಿರುಗಿನ ವಿಷಯ. ನಾನು ಡಾಕ್ಟರಲ್ಲ, ಆದರೆ ಬಿಸಿಗಾಳಿಯ ಎಚ್ಚರಿಕೆ ಬರೆಯುವವರು ಡಾಕ್ಟರರ ಜೊತೆ ಕೂತೇ ಬರೆಯುವುದು. ಮೈ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಹೊಂದಿಕೊಂಡ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಕಳೆದುಕೊಳ್ಳುತ್ತದೆ. ಫೆಬ್ರವರಿಯ ಮೈಗೆ ಆ ತಯಾರಿ ಇರುವುದಿಲ್ಲ, ಮೊನ್ನೆಯವರೆಗೂ ಹೊದಿಕೆ ಹೊದ್ದು ಮಲಗಿದ್ದ ಮೈ ಅದು. ಆದ್ದರಿಂದ ಮೇ ತಿಂಗಳ 38ಕ್ಕಿಂತ ಫೆಬ್ರವರಿಯ 38 ಹೆಚ್ಚು ಮೋಸದ್ದು. ಒಣಗಾಳಿಯ ಇನ್ನೊಂದು ಮೋಸವೆಂದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದಲ್ಲೇ ಹಾರಿಹೋಗುತ್ತದೆ. ಸೀರೆ ಒದ್ದೆಯಾಗಿಲ್ಲವಲ್ಲ, ನನಗೇನು ಸೆಕೆಯಾಗಿಲ್ಲ ಅನ್ನುತ್ತಾರೆ. ವಯಸ್ಸಾದವರಿಗೆ ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ಅದರ ಮೇಲೆ ನಿರಾಹಾರ ಉಪವಾಸ, ಅದರ ಮೇಲೆ ಮಧ್ಯಾಹ್ನದ ಟೆರೇಸು! ಉಪವಾಸ ಬಿಡಿ ಎಂದು ನಾನು ಹೇಳಿದರೆ ಅವರು ಕೇಳುವವರಲ್ಲ, ನನ್ನ ತಾಯಿಯೂ ಕೇಳುತ್ತಿರಲಿಲ್ಲ. ನೀರು, ಎಳನೀರು, ಸ್ವಲ್ಪ ಉಪ್ಪು ಸಕ್ಕರೆ ಹಾಕಿದ ಪುನರ್ಪುಳಿ ನೀರು ಉಪವಾಸಕ್ಕೆ ಸಲ್ಲುತ್ತದೆ ಎಂದು ನಿಮ್ಮ ಭಟ್ಟರಿಂದ ಒಂದು ಮಾತು ಹೇಳಿಸಿ, ಕೆಲಸ ಆಗುತ್ತದೆ. ಬಿಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೇಸಗೆಗೆ ಮೊದಲು ಡಾಕ್ಟರರನ್ನು ಒಮ್ಮೆ ಕೇಳಿ. ತಲೆ ತಿರುಗಿ ಕೂತವರು ನೆರಳಿಗೆ ಬಂದು ನೀರು ಕುಡಿದು ಸರಿಯಾದರೆ ಸರಿ. ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡದಂತೆ ಸುಟ್ಟರೆ ಬಾಯಿಗೆ ನೀರು ಹಾಕಲು ಹೋಗಬೇಡಿ. ಮೈಮೇಲೆ ತಣ್ಣೀರು ಸುರಿದು ಫ್ಯಾನ್ ಹಾಕಿ 108ಕ್ಕೆ ಫೋನ್ ಮಾಡಿ. ಅಲ್ಲಿ ನಿಮಿಷಗಳ ಲೆಕ್ಕ.

ನಿಮ್ಮ ಯಜಮಾನರ ಹೋಟೆಲಿನ ಅಡುಗೆಮನೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊರಗೆ ಒಣಬಿಸಿ, ಒಳಗೆ ಇಡ್ಲಿಯ ಹಬೆ, ದೋಸೆ ಕಾವಲಿಯ ಉರಿ. ಕಾವಲಿಯ ಮುಂದೆ ನಿಂತ ಹುಡುಗನಿಗೆ ಊರಲ್ಲಿ ಎಷ್ಟೇ ಡಿಗ್ರಿ ಇರಲಿ, ಅವನದು ಬೇರೆಯೇ ಹವಾಮಾನ. ನಸುಕಿನ ನಾಲ್ಕಕ್ಕೆ ಎದ್ದವನು ಅವನು. ಎಕ್ಸಾಸ್ಟ್ ಫ್ಯಾನಿನ ಜಿಡ್ಡು ತೆಗೆಸಿ, ಅರ್ಧ ಗಾಳಿ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಎಚ್ಚರಿಕೆ ಇರುವ ದಿನಗಳಲ್ಲಿ ಎರಡರಿಂದ ನಾಲ್ಕರವರೆಗೆ ಒಂದು ಕಾವಲಿ ಆರಿಸಿದರೆ ಗಲ್ಲಾ ಪೆಟ್ಟಿಗೆಗೆ ದೊಡ್ಡ ನಷ್ಟವಿಲ್ಲ. ಊರಿಂದ ಹೊಸದಾಗಿ ಬಂದ ಹುಡುಗರಿದ್ದರೆ ಮೊದಲ ವಾರ ಅವರನ್ನು ಕಾವಲಿಗೆ ನಿಲ್ಲಿಸಬೇಡಿ, ಮೈ ಪಳಗಲಿ. ಗಿರಾಕಿಗಳಿಗೆ ಕೊಡುವ ಮಜ್ಜಿಗೆಯನ್ನು ಮೊದಲು ಒಳಗೆ ಕೊಡಿ.

ಹಪ್ಪಳ ಮಾತ್ರ ಫೆಬ್ರವರಿಯಲ್ಲೇ ಹಾಕಲಿ, ಅದಕ್ಕಿಂತ ಒಳ್ಳೆಯ ಗಾಳಿ ಮುಂಬಯಿಯಲ್ಲಿ ಮತ್ತೆ ಸಿಗುವುದಿಲ್ಲ. ಎಂಟು ಗಂಟೆಗೆ ಹಾಕಿ, ಹತ್ತೂವರೆಗೆ ಒಮ್ಮೆ ಮಗುಚಿ ಬಂದರೆ ಸಾಕು. ತೆಗೆಯುವುದು ಸಂಜೆ ಐದರ ಮೇಲೆ, ಅದೂ ನಿಮ್ಮ ಮಗ ಹೋಗಿ ತೆಗೆಯಲಿ. ನಿಮ್ಮ ಕಿಟಕಿಯ ಹೊರಗೆ ಬಟ್ಟೆ ಒಣಗಿಸುವ ಹಗ್ಗವಿದೆಯಲ್ಲ, ಹನ್ನೊಂದೂವರೆಗೆ ಅದನ್ನೊಮ್ಮೆ ನೋಡಿ. ಬಟ್ಟೆಗಳು ಕಲ್ಯಾಣದ ಕಡೆಗೆ ಹಾರುತ್ತಿದ್ದರೆ ಕಡಲಗಾಳಿ ಬಂದಾಯಿತು, ಯೋಚನೆ ಬೇಡ. ಇನ್ನೂ ಮುಂಬಯಿಯ ಕಡೆಗೇ ಹಾರುತ್ತಿದ್ದರೆ ಟೆರೇಸಿನ ಬಾಗಿಲಿಗೆ ಬೀಗ ಹಾಕಿ ಚಾವಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.